ಮಾವನ ಶ್ರಾವಣ

ಆಷಾಢದ ಕೊನೇ ಭಾನುವಾರ ಮೈಸೂರಿನ ಯಾವ ಮಟನ್ ಅಂಗಡಿ ಮುಂದೆ ಬೇಕಾದರೂ ಹೋಗಿ ನಿಲ್ಲಿ, ನಮ್ಮ ದೊಡ್ಡಮಾವ ಸಿಗುತ್ತಾರೆ. ಅವರೇ ಸಿಗದಿದ್ದರೆ ಅವರಂಥವರು ಹತ್ತು ಜನ ಸಿಗುತ್ತಾರೆ. ಅರವತ್ತು ದಾಟಿದ ವಯಸ್ಸು, ಹೆಗಲ ಮೇಲೊಂದು ಟವೆಲು, ಕೈಯಲ್ಲಿ ಬಟ್ಟೆ ಚೀಲ, ಚೀಲದೊಳಗೆ ಮುಚ್ಚಳ ಸಡಿಲವಾದ ಸ್ಟೀಲ್ ಡಬ್ಬಿ, ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಕಳೆ. "ತೊಡೇದು ಹಾಕಪ್ಪ, ಎದೆ ಕಡೇದೂ ಸ್ವಲ್ಪ ಇರ್ಲಿ. ಇನ್ನು ಗಣೇಶನ ಮಾರನೇ ದಿವಸದವರೆಗೂ ನೀನ್ಯಾರೋ ನಾನ್ಯಾರೋ" ಎಂದು ಅಂಗಡಿಯವನಿಗೆ ಹೇಳುವಾಗ ಗಂಟಲು ಕಟ್ಟಿರುತ್ತದೆ.

ಭೀಮನ ಅಮಾವಾಸ್ಯೆ ಕಳೆದು ಪಾಡ್ಯ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಬಾಡು ಬಂದ್. ದೊಡ್ಡ ಕುಕ್ಕರ್ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಅಟ್ಟ ಹತ್ತುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಕೂರುವ ಗುಳಿಗಳಲ್ಲಿ ನಿಂಬೆಹಣ್ಣು ಬಂದು ಕೂರುತ್ತವೆ. ಮಾವನ ಮೊಮ್ಮಗ ಶ್ರಾವಣದಲ್ಲಿ ಹುಟ್ಟಿದ ತಪ್ಪಿಗೆ ಇಲ್ಲಿಯವರೆಗೆ ಎಗ್‌ಲೆಸ್ ಕೇಕನ್ನೇ ಕತ್ತರಿಸಿಕೊಂಡು ಬಂದಿದ್ದಾನೆ.

ಇಷ್ಟೇ ಆಗಿದ್ದರೆ ಅದು ವ್ರತ, ಅದರಲ್ಲಿ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಆದರೆ ಮಾವ ಅಡುಗೆಗೆ ಇಳಿಯುತ್ತಾರೆ.

ಮಾವ ವಿದ್ಯುತ್ ಇಲಾಖೆಯ ನಿವೃತ್ತ ಇಂಜಿನಿಯರ್. ಹನ್ನೊಂದು ತಿಂಗಳು ಅವರು ಅಡುಗೆಮನೆಗೆ ಹೋಗುವುದು ಎರಡೇ ಕಾರಣಕ್ಕೆ: ನೀರು ಕುಡಿಯುವುದಕ್ಕೆ, ಭಾನುವಾರ ಕುಕ್ಕರಿನ ಕೂಗು ಎಣಿಸುವುದಕ್ಕೆ. ಶ್ರಾವಣದ ಮೊದಲ ವಾರ ಮುಗಿಯುವುದರೊಳಗೆ ಅವರ ಮೈಮೇಲೆ ನಳಮಹಾರಾಜ ಬರುತ್ತಾನೆ. "ಬರೀ ಸೊಪ್ಪು ಸದೆ ತಿಂದ್ಕೊಂಡು ತಿಂಗಳೆಲ್ಲ ಹೆಂಗ್ಲಾ ಇರೋದು? ತರಕಾರೀಲೂ ಬಾಡಿನ ರುಚಿ ತೆಗೀಬೌದು ಕಣ್ಲಾ. ಟೆಕ್ನಿಕ್ ಬೇಕು ಅಷ್ಟೆ. ಇವ್ರಿಗೆಲ್ಲ ಬರಕ್ಕಿಲ್ಲ." ಇವರು ಎಂದರೆ ನಮ್ಮತ್ತೆ. ನಲವತ್ತೊಂದು ವರ್ಷದಿಂದ ಆ ಮನೆಯಲ್ಲಿ ಬೇಯಿಸುತ್ತಿರುವವರು.

ಅಂದಿನಿಂದ ರಾತ್ರಿ ಊಟ ಮಾವನ ಚಾರ್ಜಿಗೆ ಬರುತ್ತದೆ. ಸಬ್‌ಸ್ಟೇಷನ್ನಿನ ಅಭ್ಯಾಸ, ಅದಕ್ಕೊಂದು ಲಾಗ್ ಬುಕ್ಕೂ ಇದೆ. ದಿನಾಂಕ, ಪದಾರ್ಥ, ಸಮಯ, ಕೊನೆಯಲ್ಲಿ ಷರಾ. ಷರಾ ಕಾಲಮಿನಲ್ಲಿ 'ತೃಪ್ತಿಕರ', 'ಓವರ್‌ಲೋಡ್' (ಖಾರ ಜಾಸ್ತಿಯಾದರೆ), 'ಟ್ರಿಪ್' (ಯಾರೂ ತಿನ್ನದಿದ್ದರೆ) ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಬರೆಯುವವರೂ ಅವರೇ, ಆದ್ದರಿಂದ 'ತೃಪ್ತಿಕರ'ವೇ ಹೆಚ್ಚು.

ಇದು ಒಂದು ತಿಂಗಳ ಮಾತಾದರೆ ಮನೆಯವರು ಹೇಗೋ ಸಹಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂತು. ಜುಲೈ 18ಕ್ಕೆ ಹಿಡಿದ ಶ್ರಾವಣ ಬಿಟ್ಟದ್ದು ಸೆಪ್ಟೆಂಬರ್ 15ಕ್ಕೆ. ಮಾವ ಒಂಟಿಕೊಪ್ಪಲ್ ಪಂಚಾಂಗ ತೊಡೆಯ ಮೇಲಿಟ್ಟುಕೊಂಡು ಅವ್ವನ ಮುಂದೆ ಕೂತರು. ಅವ್ವ ಎಂದರೆ ಅವರ ತಾಯಿ, ನನ್ನಜ್ಜಿ. ಎಂಬತ್ತನಾಲ್ಕು ವರ್ಷ, ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಹಲ್ಲಿದೆ. ಚಾಂದ್ರಮಾನ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಗಿಡ್ಡ, ಆ ಬಾಕಿ ಸೇರಿ ಸೇರಿ ಎರಡು-ಮೂರು ವರ್ಷಕ್ಕೊಮ್ಮೆ ಒಂದು ತಿಂಗಳಾಗುತ್ತದೆ, ಅದನ್ನು ಹೊಂದಿಸಲಿಕ್ಕೆ ಅಧಿಕ ಮಾಸ, ಅದರಲ್ಲಿ ಹಬ್ಬ ಹುಣ್ಣಿಮೆ ಮಾಡುವುದಿಲ್ಲ, ಅಂದಮೇಲೆ ಅದು ನಿಜವಾದ ಶ್ರಾವಣವೇ ಅಲ್ಲ ಎಂದು ಮಾವ ಅಚ್ಚುಕಟ್ಟಾಗಿ ವಾದ ಮಂಡಿಸಿದರು. "ಅದು ಸ್ಪೇರ್ ಟ್ರಾನ್ಸ್‌ಫಾರ್ಮರ್ ಇದ್ದಂಗೆ ಕಣವ್ವ. ಲೈನಿಗೆ ಸೇರಿಲ್ಲ."

ಅವ್ವ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಹೆಸರು ಶ್ರಾವಣ ತಾನೆ?"

"ಹೂಂ, ಆದ್ರೆ..."

"ಮುಟ್ಟಕೂಡ್ದು."

ಹಿಂದೆ ಅಧಿಕ ಶ್ರಾವಣ ಬಂದದ್ದು 2004ರಲ್ಲಿ. ಆಗ ಮಾವ ಸರ್ವೀಸಿನಲ್ಲಿದ್ದರು, ವಾರಕ್ಕೆ ಮೂರು ದಿನ ಕ್ಯಾಂಪು. ಕ್ಯಾಂಪಿಗೆ ಪಂಚಾಂಗ ಅನ್ವಯಿಸುವುದಿಲ್ಲವೆಂದು ಕಾಣುತ್ತದೆ, ಆ ವರ್ಷದ ಕಷ್ಟವನ್ನು ಅವರು ಯಾವತ್ತೂ ಹೇಳಿಕೊಂಡಿಲ್ಲ.

ಮಾವನ ಸಿದ್ಧಾಂತ ಇಷ್ಟೆ: ಬಾಡಿನ ಸಾರಿನಲ್ಲಿ ರುಚಿ ಇರುವುದು ಬಾಡಿನಲ್ಲಲ್ಲ, ಮಸಾಲೆಯಲ್ಲಿ. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ, ದನಿಯ, ಕಾಯಿ, ಎಲ್ಲಕ್ಕಿಂತ ಮುಖ್ಯವಾಗಿ ಕಲ್ಲುಹೂವು. (ಕಲ್ಲುಹೂವು ಹೂವಲ್ಲ ಎಂದು ಅವರಿಗೆ ಹೇಳಿದವನು ನಾನೇ. ಬೂಷ್ಟೂ ಪಾಚಿಯೂ ಒಂದೇ ಮನೆ ಮಾಡಿಕೊಂಡು ಬಂಡೆಯ ಮೇಲೋ ಮರದ ತೊಗಟೆಯ ಮೇಲೋ ಬದುಕುವ ಜೀವಿ ಅದು. "ಬೂಷ್ಟಾದ್ರೇನ್ಲಾ, ವಾಸ್ನೆ ನೋಡು" ಎಂದು ಮೂಗಿಗೆ ಹಿಡಿದಿದ್ದರು.) ನನ್ನ ಓದಿನ ಜಂಬದಲ್ಲಿ ಇನ್ನೂ ಒಂದು ವಿಷಯ ಬಾಯಿ ಬಿಟ್ಟೆ. 1908ರಲ್ಲಿ ಜಪಾನಿನ ಇಕೆಡ ಎಂಬ ವಿಜ್ಞಾನಿ ಸಮುದ್ರದ ಪಾಚಿಯ ಸಾರಿನಲ್ಲಿ ಗ್ಲುಟಮೇಟ್ ಹುಡುಕಿದ, ಆ ರುಚಿಗೆ ಉಮಾಮಿ ಅಂತ ಹೆಸರು, ಅಣಬೆ ಟೊಮೇಟೊಗಳಲ್ಲೂ ಅದು ಇದೆ, ಬಾಡಿಲ್ಲದೆ ಬಾಡಿನ ಹತ್ತಿರ ಹೋಗಬೇಕಾದರೆ ಅದೇ ದಾರಿ ಎಂದೆ.

"ಯಾವ ಉಮಾ ಮಾಮಿ? ಅಗ್ರಹಾರದೋರಾ?" ಎಂದರು ಮಾವ. "ಅವರಿಗೆ ಬಾಡಿನ ರುಚಿ ಹೆಂಗ್ಲಾ ಗೊತ್ತು?"

ಅಣಬೆಯ ದಾರಿ ಅಲ್ಲಿಗೇ ಮುಚ್ಚಿತು, ಕಾರಣ ಮಾಮಿಯಲ್ಲ, ಅವ್ವ. ಅಣಬೆಯನ್ನು ಕೈಯಲ್ಲಿ ಹಿಚುಕಿ ನೋಡಿ, "ಹಿಚುಕಿದ್ರೆ ಬಾಡಿನಂಗೆ ಐತೆ, ಒಳೀಕ್ ತರಬ್ಯಾಡ" ಎಂದುಬಿಟ್ಟರು. ಇನ್ನು ಬಾಡಿಗೆ ಸಮನಾದ ನಮ್ಮೂರ ಎರಡು ತರಕಾರಿಗಳೆಂದರೆ ಎಳೇ ಹಲಸಿನಕಾಯಿ ಮತ್ತು ಹಿದಕಿದ ಅವರೆಬೇಳೆ. ಹಲಸು ಬೇಸಿಗೆಗೇ ಮುಗಿದಿರುತ್ತದೆ, ಅವರೆ ಸಂಕ್ರಾಂತಿ ಸುತ್ತಮುತ್ತ ಬರಬೇಕು. ಎರಡೂ ಇಲ್ಲದ ಹೊತ್ತು ನೋಡಿ ದೇವರು ಶ್ರಾವಣ ಇಟ್ಟಿದ್ದಾನೆ ಎನ್ನುವುದು ಮಾವನ ದೂರು. "ಲೋಡ್ ಶೆಡ್ಡಿಂಗ್ ಮಾಡೋನಿಗೂ ಇಷ್ಟು ಕೆಟ್ಟ ಶೆಡ್ಯೂಲ್ ಹಾಕಕ್ಕೆ ಬರಲ್ಲ."

ಆದ್ದರಿಂದ ಸುವರ್ಣಗೆಡ್ಡೆ. ದೇವರಾಜ ಮಾರುಕಟ್ಟೆಯಿಂದ ಆನೆಯ ಪಾದದಂಥ ಮೂರು ಕೆಜಿ ಗೆಡ್ಡೆ ಬಂತು. ಅದನ್ನು ಬೆರಳುದಪ್ಪ ಹೋಳು ಮಾಡಿ, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ, ಅಕ್ಕಿಹಿಟ್ಟು ಮೆತ್ತಿ, ಕಾವಲಿಯ ಮೇಲೆ ಕೆಂಪಗೆ ಕಾಯಿಸಿ, ಮಾವ ಅದಕ್ಕೆ ಚಾಪ್ಸ್ ಎಂದು ನಾಮಕರಣ ಮಾಡಿದರು. ಗೆಡ್ಡೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಹುಣಸೆಹುಳಿಯಲ್ಲಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲಿಗೆ ಚುಚ್ಚುತ್ತವೆ. ಅತ್ತೆ ಬಾಗಿಲಲ್ಲಿ ನಿಂತು "ಹುಳಿ ಹಾಕಿದ್ರಾ?" ಎಂದು ಕೇಳಿದ್ದರಂತೆ. "ಚಾಪ್ಸಿಗೆ ಯಾರೇ ಹುಳಿ ಹಾಕ್ತಾರೆ?" ಎಂದಿದ್ದರಂತೆ ಮಾವ.

ಅಂದು ರಾತ್ರಿ ಆ ಮನೆಯಲ್ಲಿ ಊಟದ ನಂತರ ಇದ್ದಂಥ ಮೌನವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮಗ ಟಿವಿ ಮುಂದೆ ಕೂತು ಕತ್ತು ನೀವಿಕೊಳ್ಳುತ್ತಿದ್ದ. ಸೊಸೆ ಕೆಮ್ಮಿದಳು, ನಾನು ಕೆಮ್ಮಿದೆ, ಮೊಮ್ಮಗ ನಾಲಿಗೆ ಹೊರಗೆ ಹಾಕಿ ಟವೆಲಿನಿಂದ ಒರೆಸಿದ. ಅತ್ತೆ ಒಂದು ಮಾತೂ ಆಡದೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಮಾವನಿಗೂ ಕೊಟ್ಟರು. ಅವರಿಗೆ ಕೊಡುವಾಗ ಲೋಟವನ್ನು ಕೊಂಚ ಜೋರಾಗಿ ಇಟ್ಟರು, ಅಷ್ಟೆ. ಲಾಗ್ ಬುಕ್ಕಿನಲ್ಲಿ ಆ ದಿನದ ಷರಾ: 'ಸಣ್ಣ ಲೀಕೇಜ್.'

ಮಾವನಿಗೆ ಏನೂ ಬರುವುದಿಲ್ಲ ಎಂದರೆ ಅನ್ಯಾಯವಾಗುತ್ತದೆ. ಬಾಳೆಕಾಯಿಯನ್ನು ಓರೆಯಾಗಿ ಸೀಳಿ, ಹುಳಿ ಉಪ್ಪು ಖಾರದಲ್ಲಿ ಒಂದು ಗಂಟೆ ಇಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ ಬಿಟ್ಟರಲ್ಲ, ಅದು ನಿಜಕ್ಕೂ ಮಂಗಳೂರಿನ ಮೀನಿನ ತುಂಡಿನಂತೆಯೇ ಬಂತು. ಹೊರಗೆ ಗರಿಗರಿ, ಒಳಗೆ ಪದರ ಪದರ. ಆದರೆ ಗೆದ್ದ ಆಟವನ್ನು ಎರಡನೇ ಸಲ ಆಡುವ ಜಾಯಮಾನ ಅವರದಲ್ಲ. ಅವರ ಕಣ್ಣು ಮೀಲ್ ಮೇಕರಿನ ಮೇಲಿತ್ತು.

ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಒತ್ತಿ ಉಬ್ಬಿಸಿ ಮಾಡುವ ಉಂಡೆಯಲ್ಲಿ ಮಾವನಿಗೆ ಕಂಡದ್ದು ಸಾಕ್ಷಾತ್ ಕುರಿ. ಪೊಟ್ಟಣ ತಿರುಗಿಸಿ ಸೊಸೆಗೆ ಓದಿ ಹೇಳಿದರು: "100 ಗ್ರಾಮಿಗೆ ಹತ್ತಿರ ಹತ್ತಿರ 50 ಗ್ರಾಂ ಪ್ರೋಟೀನಂತೆ ಕಣಮ್ಮ. ಮಟನ್‌ನಲ್ಲಿ ಇದರರ್ಧವೂ ಇಲ್ಲ."

"ಅದು ಒಣಗಿದ್ದರ ಲೆಕ್ಕ ಮಾವ. ನೀರು ಕುಡಿದ ಮೇಲೆ ಅಷ್ಟಿರಲ್ಲ."

"ನೀರು ಕುಡಿದ್ಮೇಲೆ ಮನುಷ್ಯನ ಲೆಕ್ಕವೂ ಹಂಗೇ" ಎಂದು ಮಾವ ಪೊಟ್ಟಣ ಕತ್ತರಿಸಿದರು.

ಬಿಸಿನೀರಿನಲ್ಲಿ ನೆನೆಸಿ, ಒಂದೊಂದನ್ನೂ ಬಟ್ಟೆ ಹಿಂಡಿದಂತೆ ಹಿಂಡಿ, ತಣ್ಣೀರಿಗೆ ಹಾಕಿ, ಮತ್ತೆ ಹಿಂಡಿ, ಸೋಯಾ ವಾಸನೆ ಪೂರಾ ಹೋಗುವವರೆಗೆ ಮೂರು ಸಲ. ಮಸಾಲೆ ಎಣ್ಣೆ ಬಿಡುವವರೆಗೆ ಹುರಿದರು. ಪುದೀನ, ಕೊತ್ತಂಬರಿ, ಎರಡು ಪಟ್ಟು ಕಲ್ಲುಹೂವು. ಸಣ್ಣ ಉರಿಯಲ್ಲಿ ಒಂದು ಗಂಟೆ. ಆ ದಿನ ಎಲ್ಲ ಸರಿಯಾಗಿತ್ತು, ವಾರವೊಂದನ್ನು ಬಿಟ್ಟು. ಅದು ನಿಜ ಶ್ರಾವಣದ ಎರಡನೇ ಶನಿವಾರ. ಬೆಳಗ್ಗೆ ಮೊಮ್ಮಗ ಹಣೆಗೆ ನಾಮ ಹಾಕಿಕೊಂಡು, ಗಿಂಡಿ ಹಿಡಿದು, ಐದು ಮನೆ ಮುಂದೆ ಗೋವಿಂದಾ ಎಂದು ಕೂಗಿ ಅಕ್ಕಿ ತಂದಿದ್ದ. ಅವ್ವ ಒಪ್ಪತ್ತಿನಲ್ಲಿದ್ದರು.

ಏಳು ಗಂಟೆಗೆ ಆ ಸಾರು ಕುದಿ ಹತ್ತಿತು ನೋಡಿ. ವಾಸನೆ ಹಾಲಿಗೆ ಬಂತು, ವರಾಂಡಕ್ಕೆ ಬಂತು, ಗೇಟು ದಾಟಿತು. ಮಹಡಿ ಮನೆಯವರು ಮೆಟ್ಟಿಲಿಳಿದು ಬಂದು ಏನೂ ಕೇಳದೆ, ಒಳಗೆ ಒಂದು ನೋಟ ಹಾಯಿಸಿ, ಹಾಗೇ ಹತ್ತಿ ಹೋದರು. ಅವ್ವ ದೇವರ ಮುಂದಿನಿಂದ ಎದ್ದು ಸೆರಗು ಮೂಗಿಗಿಟ್ಟುಕೊಂಡು ಬೀದಿ ಜಗಲಿಗೆ ಹೋಗಿ ಕೂತರು. "ತಿಮ್ಮಪ್ಪನ ದಿವಸ ಮನೇಲಿ ಬಾಡು ಬೇಯ್ಸವ್ನಲ್ಲ!"

ಮಾವ ಖಾಲಿ ಪೊಟ್ಟಣ ಹಿಡಿದುಕೊಂಡು ಓಡಿದರು. "ಅವ್ವ, ಇಲ್ನೋಡು, ಹಸಿರು ಚುಕ್ಕಿ! ಗೌರ್ಮೆಂಟೇ ಹಾಕ್ಸಿರೋದು! ಸಸ್ಯಾಹಾರ!"

ಅವ್ವನಿಗೆ ಪೊರೆ ಬಂದ ಕಣ್ಣು. ಪೊಟ್ಟಣವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ವಾಪಸ್ ಕೊಟ್ಟರು. "ವಾಸ್ನೆಗೆ ಎಲ್ಲಿಟ್ಟವ್ರ್ಲಾ ಚುಕ್ಕಿ?"

ಆ ರಾತ್ರಿ ಮನೆಯವರೆಲ್ಲ ಮೊಸರನ್ನ ತಿಂದರು. ಸಾರು ಹೊರಗಿನ ನಲ್ಲಿಯ ಹತ್ತಿರ ಮುಚ್ಚಿದ ಪಾತ್ರೆಯಲ್ಲಿ ರಾತ್ರಿ ಕಳೆಯಿತು. ಜೀವಮಾನದ ಅತ್ಯುತ್ತಮ ಅಡುಗೆ ತೀರಾ ಚೆನ್ನಾಗಿ ಆದ ಕಾರಣಕ್ಕೇ ತಿನ್ನಲಾಗದೆ ಹೋದ ದುಃಖ ಏನೆಂದು ಆ ದಿನ ಮಾವನ ಮುಖದಲ್ಲಿ ನೋಡಿದೆ.

ಮಾರನೇ ವಾರ ಮಾವನಿಗೆ ಮಂಡಿನೋವು, ಎರಡು ದಿನ ರಜೆ. ಅತ್ತೆ ಬಸ್ಸಾರು ಮಾಡಿದರು. ಅದು ಆ ಮನೆಯಲ್ಲಿ ಸುದ್ದಿಯಲ್ಲ, ವಾರಕ್ಕೆರಡು ಸಲ ಆಗುವ ಕೆಲಸ. ಹೆಸರುಕಾಳು ಒಲೆ ಮೇಲಿಟ್ಟು, ಅದು ಅರ್ಧ ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ ಬೇಯಿಸಿ ಕಟ್ಟು ಬಸಿದರು. ಇಕ್ಕಳದಲ್ಲಿ ಒಂದು ಈರುಳ್ಳಿ, ಒಂದು ಇಡೀ ಬೆಳ್ಳುಳ್ಳಿ ಗೆಡ್ಡೆ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದರು. ಸಿಪ್ಪೆ ಕರ್ರಗಾಗಿ ಚಿಟಿಚಿಟಿ ಅಂದು ಒಳಗಿನ ರಸ ಬುಳುಕ್ಕೆಂದಾಗ ತೆಗೆದು, ಸುಟ್ಟ ಸಿಪ್ಪೆಯನ್ನು ಅರೆಬರೆ ಉಜ್ಜಿ, ಜೀರಿಗೆ, ಮೆಣಸು, ಹಿಡಿ ಕಾಯಿ, ಖಾರದ ಪುಡಿ, ಗೋಲಿಯಷ್ಟು ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳು-ಸೊಪ್ಪಿನ ಜೊತೆ ರುಬ್ಬಿದರು. ಅದನ್ನು ಕಟ್ಟಿಗೆ ಬೆರೆಸಿ ಕುದಿಸಿದರು. ಉಳಿದ ಕಾಳು-ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯವೂ ಆಯಿತು. ಇಷ್ಟರ ನಡುವೆ ಮುದ್ದೆ ತಿರುವಿ, ಸೊಸೆಯ ಫೋನಿಗೆ ಉತ್ತರ ಕೊಟ್ಟು, ಮೊಮ್ಮಗನಿಗೆ ಏಳರ ಮಗ್ಗಿ ಹೇಳಿಸಿದ್ದರು. ಮುಕ್ಕಾಲು ಗಂಟೆ.

ಮಾವ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುರ್ಚಿಯಲ್ಲೇ ಕೂತು ಉಂಡರು. ಒಂದು ಮುದ್ದೆ ಮುರಿದು, ಅದ್ದಿ, ನುಂಗಿ, ಎರಡನೆಯದಕ್ಕೆ ಕೈ ಹಾಕಿದರು. ಮೂಗಿನ ತುದಿಯಲ್ಲಿ ಬೆವರು. ತಟ್ಟೆ ಓರೆ ಮಾಡಿ ಸಾರನ್ನು ಒಂದು ಮೂಲೆಗೆ ತಂದು ಬೆರಳಲ್ಲಿ ಬಳಿದರು. ಬಳಿಯುತ್ತಲೇ ನನ್ನ ಕಡೆ ತಿರುಗಿ, "ಈ ಮಂಡಿ ಒಂದು ವಾಸಿಯಾಗ್ಲಿ ಕಣ್ಲಾ. ಪನ್ನೀರು ತುರಿದು ಖೈಮಾ ಮಾಡೋ ಒಂದು ಐಡಿಯಾ ಐತೆ. ಇವೆರಡು ದಿನ ಏನೋ ಸಿಕ್ಕಿದ್ದು ತಿಂದ್ಕೊಂಡು ಸುಧಾರಿಸ್ಕಳಿ" ಎಂದರು.

ಅತ್ತೆ ಸೌಟು ಹಿಡಿದುಕೊಂಡು ನಿಂತಿದ್ದರು. "ಇನ್ನರ್ಧ ಮುದ್ದೆ ಇಡ್ಲೇನ್ರೀ?"

"ಇಡು, ಇಡು."

ಶ್ರಾವಣ ಮುಗಿಯಿತು, ಗೌರಿ ಗಣೇಶ ಬಂದು ಹೋದರು. ಮಾರನೇ ಬೆಳಗ್ಗೆ ಐದೂವರೆಗೆ ಮಾವ ಸಾಲಿನಲ್ಲಿ ಹನ್ನೊಂದನೆಯವರು. ಎರಡು ಕೆಜಿ ತಂದರು. ಅಟ್ಟದಿಂದ ಕುಕ್ಕರ್ ಇಳಿಯಿತು. ಎರಡು ತಿಂಗಳ ಅನುಭವವೆಲ್ಲ ಸೇರಿಸಿ ಆ ದಿನದ ಸಾರನ್ನು ಸ್ವತಃ ಅವರೇ ಮಾಡುತ್ತೇನೆಂದು ಹಟ ಹಿಡಿದು ಮಾಡಿದರು. ಅವ್ವನಿಗೆಂದು ಮೂಳೆಯಿಲ್ಲದ ಮೆತ್ತನೆಯ ತುಂಡು ಆರಿಸಿ, ಇನ್ನೂ ನಾಲ್ಕು ಕೂಗು ಜಾಸ್ತಿ ಕೂಗಿಸಿ, ಬಟ್ಟಲಲ್ಲಿ ಹಾಕಿ ತಾವೇ ಮುಂದೆ ಕೂತರು.

ಅವ್ವ ಒಂದು ತುಂಡನ್ನು ಒಸಡಿನಲ್ಲಿ ಆ ಕಡೆ ಈ ಕಡೆ ಆಡಿಸಿದರು. ನುಂಗಿದರು. ಇನ್ನೊಂದನ್ನು ಬೆರಳಲ್ಲಿ ಒತ್ತಿ ನೋಡಿದರು.

"ಹೆಂಗೈತವ್ವ?"

"ಆ ಪ್ಯಾಕೀಟು ಇನ್ನೂ ಮುಗಿದಿಲ್ವೇನ್ಲಾ?"

ಆ ರಾತ್ರಿ ಮಾವ ಮಲಗಿದ ಮೇಲೆ ಲಾಗ್ ಬುಕ್ ತೆರೆದು ನೋಡಿದೆ. ಮಟನ್, 2 ಕೆಜಿ, ಬೆಳಗ್ಗೆ 9ರಿಂದ 11. ಷರಾ: 'ಮೀಲ್ ಮೇಕರ್ ಮಟ್ಟಕ್ಕೆ ಬಂದಿದೆ. ತೃಪ್ತಿಕರ.'