ಕಣ ಎಣಿಸಿದವರಿಗೆ ಶಾಲು

ಏರೋಸಾಲ್ ವಿಜ್ಞಾನದಲ್ಲಿ ಯುವ ಸಂಶೋಧಕರಿಗೆಂದೇ ಒಂದು ಅಂತರರಾಷ್ಟ್ರೀಯ ಪ್ರಶಸ್ತಿ ಇದೆ. ಹೆಸರು ಸ್ಮೊಲುಖೋವ್‌ಸ್ಕಿ ಪ್ರಶಸ್ತಿ. ಕೊಡುವುದು ಜರ್ಮನಿಯ ಏರೋಸಾಲ್ ಸಂಶೋಧಕರ ಸಂಘ. ಏರೋಸಾಲ್ ಎಂದರೆ ಗಾಳಿಯಲ್ಲಿ ತೇಲುವ ಕಣ. ಹೊಗೆ, ಮಸಿ, ಧೂಳು, ಕೆಮ್ಮಿದಾಗ ಹಾರುವ ಹನಿ. ನಾವು ದಿನವೂ ಪುಕ್ಕಟೆ ಸೇವಿಸುತ್ತಿರುವುದು.

ಸ್ಮೊಲುಖೋವ್‌ಸ್ಕಿ ಪೋಲೆಂಡಿನ ಭೌತವಿಜ್ಞಾನಿ. ಕಣಗಳು ಹೇಗೆ ಅಲೆಯುತ್ತವೆ, ಹೇಗೆ ಡಿಕ್ಕಿಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದವರು. 1917ರಲ್ಲಿ ಆಮಶಂಕೆ ತಗುಲಿ 45ನೇ ವಯಸ್ಸಿಗೇ ತೀರಿಕೊಂಡರು. ಇದೇ ಶಾಸ್ತ್ರದ ಇನ್ನೊಂದು ದೊಡ್ಡ ಪ್ರಶಸ್ತಿ ನಿಕೊಲಾಯ್ ಫುಕ್ಸ್ ಹೆಸರಿನಲ್ಲಿದೆ. ಫುಕ್ಸ್ ಸೋವಿಯತ್ ವಿಜ್ಞಾನಿ. ಸ್ಟಾಲಿನ್ ಕಾಲದಲ್ಲಿ ಅವರ ಸರ್ಕಾರವೇ ಅವರನ್ನು ಸೆರೆಗೆ ತಳ್ಳಿತ್ತು.

ನಾವು ಅಷ್ಟು ಒರಟರಲ್ಲ. ಸೆರೆಗೆ ತಳ್ಳುವುದಿಲ್ಲ. ಶಾಲು ಹೊದಿಸುತ್ತೇವೆ. ಪೇಟ ಇಡುತ್ತೇವೆ. ಫಲತಾಂಬೂಲ ಕೊಟ್ಟು ಎರಡೂ ಕೈ ತುಂಬಿಸುತ್ತೇವೆ. ವರದಿ ಹಿಡಿಯಲು ಕೈ ಖಾಲಿ ಇರಬಾರದಲ್ಲ.

ನಾಳೆ ನಮ್ಮ ಹುಡುಗಿಯೊಬ್ಬಳಿಗೆ ಇಂಥ ಪ್ರಶಸ್ತಿ ಬಂತೆನ್ನಿ. ಬೆಳಗಾಗುವಷ್ಟರಲ್ಲಿ ಅವಳು 'ನಾಡಿನ ಹೆಮ್ಮೆ'. ಊರಲ್ಲಿ ಫ್ಲೆಕ್ಸು. ಶಾಸಕರ ಮುಖ ದೊಡ್ಡದು, ಅವಳದು ಅಂಚೆಚೀಟಿಯಷ್ಟು. ತೆರೆದ ಜೀಪಿನಲ್ಲಿ ಮೆರವಣಿಗೆ. ಮುಂದೆ ಹತ್ತು ಸಾವಿರದ ಸರಪಟಾಕಿ. ಹೊಗೆಯ ಕಣ ಅಳೆದವಳಿಗೆ ಹೊಗೆಯಲ್ಲೇ ಆರತಿ. ಅವಳು ಅಳೆದದ್ದೇನು ಎಂದು ವೇದಿಕೆಯ ಮೇಲೆ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು.

ಉತ್ತರ ಬಂದಾಗ ನಾವೇನು ಮಾಡಿದೆವು ಎಂಬುದು ದಾಖಲಾಗಿದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಹಡಗು, ವಿಮಾನಗಳನ್ನಿಟ್ಟುಕೊಂಡು ದೊಡ್ಡ ಅಧ್ಯಯನವೊಂದು ನಡೆಯಿತು. ಮುಂದಾಳುಗಳಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಓದಿದವರು. ನಮ್ಮ ಕಡೆಯಿಂದ ಹೊರಟ ಮಸಿ, ಹೊಗೆ ಸಮುದ್ರದ ಮೇಲೆ ದಟ್ಟವಾಗಿ ಕವಿದಿದೆ ಎಂದರು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಬಂತು. ಅದರಲ್ಲಿ ಇದಕ್ಕೆ 'ಏಷ್ಯಾದ ಕಂದು ಮೋಡ' ಎಂದು ಹೆಸರು. ದೆಹಲಿ ಸಿಡಿದೆದ್ದಿತು. ಮೋಡದ ಮೇಲಲ್ಲ, ಹೆಸರಿನ ಮೇಲೆ. ಕೊನೆಗೆ ಅದು 'ವಾತಾವರಣದ ಕಂದು ಮೋಡ' ಆಯಿತು. ರಾಜತಾಂತ್ರಿಕ ಜಯ. ಮೋಡ ಮಾತ್ರ ಅಲ್ಲೇ ನಿಂತಿದೆ.

ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಕೆ. ಸತೀಶ್ ಅವರಿಗೆ ಕಪ್ಪು ಇಂಗಾಲದ ಕಣಗಳ ಅಧ್ಯಯನಕ್ಕಾಗಿ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು. ಚಪ್ಪಾಳೆ ಜೋರಾಗಿತ್ತು. ಆದರೆ ಊರಿನ ಡೀಸೆಲ್ ಲಾರಿಗಳಿಗೂ ಮೂಲೆಮೂಲೆಯಲ್ಲಿ ಕಸಕ್ಕೆ ಬೆಂಕಿ ಇಡುವವರಿಗೂ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಯಿತು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಪಟ್ಟಿಯಲ್ಲಿವೆ. ಶ್ವಾಸಕೋಶದ ಆಳಕ್ಕಿಳಿದು ರಕ್ತ ಸೇರುವುದು ಪಿಎಂ 2.5 ಎಂಬ ಅತಿಸಣ್ಣ ಕಣ ಎಂದು ವಿಜ್ಞಾನಿಗಳು ಹೇಳಿ ಹೇಳಿ ಸೋತರು. ಸರ್ಕಾರ ನಗರಗಳಿಗೆ ಅಂಕ ಕೊಟ್ಟದ್ದು ದಪ್ಪ ಕಣಗಳನ್ನೂ ಲೆಕ್ಕಕ್ಕೆ ಹಿಡಿಯುವ ಪಿಎಂ 10 ನೋಡಿ. ದುಡ್ಡಿನ ದೊಡ್ಡ ಪಾಲು ಹೋದದ್ದು ರಸ್ತೆ ಧೂಳಿಗೆ. ಪೊರಕೆಗೆ ಸಿಕ್ಕರಷ್ಟೇ ಮಾಲಿನ್ಯ. ಸಿಗದಿದ್ದರೆ ಅದು ಹವಾಮಾನ.

ವಿಶ್ವ ಆರೋಗ್ಯ ಸಂಸ್ಥೆ ಪಿಎಂ 2.5ರ ವಾರ್ಷಿಕ ಮಿತಿಯನ್ನು 2021ರಲ್ಲಿ ಘನ ಮೀಟರಿಗೆ 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ನಮ್ಮ ಮಿತಿ 2009ರಿಂದಲೂ 40. ಭಾರತೀಯರ ಶ್ವಾಸಕೋಶ ಎಂಟು ಪಟ್ಟು ಗಟ್ಟಿ ಎಂದು ಯಾವ ವೈದ್ಯರು ಬರೆದುಕೊಟ್ಟರೋ. ಬೆಂಗಳೂರಿಗರಿಗಂತೂ ಸಮಾಧಾನ ಸದಾ ಸಿದ್ಧ: 'ದೆಹಲಿಗಿಂತ ವಾಸಿ.' ಫೇಲಾದವನು ಪಕ್ಕದವನ ಅಂಕಪಟ್ಟಿ ನೋಡಿ ಪೇಡೆ ಹಂಚಿದ ಹಾಗೆ.

ದೆಹಲಿಯದು ಇನ್ನೂ ಸೊಗಸು. 2025ರ ಅಕ್ಟೋಬರಿನಲ್ಲಿ ವಿಮಾನ ಹತ್ತಿಸಿ ಮೋಡ ಬಿತ್ತನೆ ಮಾಡಿದರು. ಗಾಳಿಯ ಕಣ ತೊಳೆಯಲು ಗಾಳಿಗೆ ಇನ್ನಷ್ಟು ಕಣ. ಮೋಡದಲ್ಲಿ ಸಾಕಷ್ಟು ತೇವವೇ ಇರಲಿಲ್ಲ. ಮಳೆ ಬರಲಿಲ್ಲ. ಫೋಟೊ ಬಂತು.

ಸಂಸತ್ತಿನಲ್ಲಿ ಮಾತ್ರ ಉತ್ತರ ಬದಲಾಗುವುದಿಲ್ಲ. ವಾಯುಮಾಲಿನ್ಯದಿಂದಲೇ ಸಾವು ಎಂದು ನೇರವಾಗಿ ಸಾಬೀತುಪಡಿಸುವ ನಿರ್ಣಾಯಕ ದತ್ತಾಂಶ ಇಲ್ಲವಂತೆ. ಸರಿ, ನಂಬಿದೆವು. ಹಾಗಾದರೆ 2014ರಿಂದ 2017ರ ನಡುವೆ ಪ್ರಧಾನಿ ಕಚೇರಿಗೂ ಕೆಲವು ಇಲಾಖೆಗಳಿಗೂ ಸುಮಾರು 140 ಗಾಳಿ ಶುದ್ಧೀಕರಣ ಯಂತ್ರ ಕೊಂಡದ್ದು ಯಾತಕ್ಕೆ? ಅಲಂಕಾರಕ್ಕೆ? ಕಡತಕ್ಕೆ ದಮ್ಮು ಬಂದಿತ್ತೆ?

ಕೊರೊನಾ ಕಾಲದ್ದು ಹೇಳದಿರುವುದೇ ಮೇಲು. ಸೋಂಕು ಗಾಳಿಯಲ್ಲಿ ಹರಡುತ್ತದೆ, ಒಪ್ಪಿಕೊಳ್ಳಿ ಎಂದು 2020ರ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ನಾವು ತರಕಾರಿಗೆ ಸೋಪು ಹಚ್ಚುತ್ತಿದ್ದೆವು. ಏರೋಸಾಲ್ 10 ಮೀಟರ್‌ವರೆಗೂ ಸಾಗಬಲ್ಲದು, ಕಿಟಕಿ ತೆರೆಯಿರಿ ಎಂಬ ಸರ್ಕಾರಿ ಸಲಹೆ ಕೈಗೆ ಬಂದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಚಿತಾಗಾರಗಳ ಮುಂದೆ ಸರದಿ ನಿಂತಿತ್ತು.

ಇನ್ನು ಆ ಹುಡುಗಿಯ ವಿಷಯ. ಸಂಶೋಧನೆಗೆ ಸೇರಿದಾಗ ಅವಳಿಗೆ ಗೊತ್ತುಪಡಿಸಿರುವ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಅದು ತಿಂಗಳು ತಿಂಗಳು ಬರುತ್ತದೆಂದು ನಂಬುವವರು ಸಂಶೋಧಕರಲ್ಲಿ ಯಾರೂ ಇಲ್ಲ. ಬಾಡಿಗೆ ಮಾತ್ರ ತಪ್ಪದೆ ಐದನೇ ತಾರೀಕು ಬರುತ್ತದೆ. ಉಪಕರಣ ಕೆಟ್ಟರೆ ಬಿಡಿಭಾಗಕ್ಕೆ ಟೆಂಡರು. ಟೆಂಡರು ಮುಗಿಯುವಷ್ಟರಲ್ಲಿ ಚಳಿಗಾಲ ಮುಗಿದಿರುತ್ತದೆ. ಅಳೆಯಬೇಕಿದ್ದ ಮಂಜೂ ಹೊಗೆಯೂ ಮುಂದಿನ ವರ್ಷಕ್ಕೆ. ಬೇಸತ್ತು ಅವಳು ಜರ್ಮನಿಗೋ ಸ್ವಿಟ್ಜರ್ಲೆಂಡಿಗೋ ವಿಮಾನ ಹತ್ತಿದ ದಿನ ಬೀಳ್ಕೊಡಲು ಯಾವ ಶಾಸಕರೂ ಬಂದಿರುವುದಿಲ್ಲ. ಪ್ರಶಸ್ತಿಯೊಂದಿಗೆ ಇಳಿದ ದಿನ ಹಾರ ಹಿಡಿದು ಸಾಲಾಗಿ ನಿಂತಿರುತ್ತಾರೆ.

ಸನ್ಮಾನ ಮಾಡಲೇಬೇಕೆಂದಿದ್ದರೆ ಅವಳ ಜೂನಿಯರುಗಳು ಇಲ್ಲೇ ಇದ್ದಾರೆ. ಬಾಕಿ ಫೆಲೋಶಿಪ್ ಹಾಕಿ. ವೇದಿಕೆ ಬೇಡ, ಪೇಟ ಬೇಡ. ಖಾತೆ ನಂಬರು ನಿಮ್ಮ ಕಡತದಲ್ಲೇ ಇದೆ.