ಕಂಪ್ಲಿ, ಅಮೆನ್

ಹೊಸಪೇಟೆಯ ನಮ್ಮ ಚರ್ಚಿನಲ್ಲಿ ಕೆಮ್ಮು ಬಂದರೂ ಕರ್ಚೀಫಿನೊಳಗೇ ಮುಗಿಸಿಕೊಳ್ಳಬೇಕು. ಪ್ರಾರ್ಥನೆ ಅಂದರೆ ಅಯ್ಯನವರು ಮಾತಾಡುವುದು, ನಾವು ಕಣ್ಮುಚ್ಚಿ ಮಧ್ಯಾಹ್ನದ ಸಾರು ನೆನೆಯುವುದು. ಇಂಥ ಶಿಸ್ತಿನಲ್ಲಿ ಬೆಳೆದವನು ಕೆಲಸದ ಮೇಲೆ ದಕ್ಷಿಣ ಕೊರಿಯಾದ ಸುವಾನ್‌ಗೆ ಹೋದೆ. ಮೂರು ಭಾನುವಾರ ರೂಮಿನಲ್ಲೇ ನೂಡಲ್ಸ್ ಬೇಯಿಸಿಕೊಂಡು ಕೂತು, ನಾಲ್ಕನೆಯದಕ್ಕೆ ಮನುಷ್ಯರ ಮುಖ ಕಂಡರೆ ಸಾಕೆಂದು ಬೀದಿ ಕೊನೆಯ ಚರ್ಚಿಗೆ ನುಗ್ಗಿದೆ.

ಮೊದಲು ಕನ್ನಡದವರನ್ನೇ ಹುಡುಕಿದ್ದೆ, ಸುಳ್ಳೇಕೆ. ಸಿಕ್ಕ ಬೆಂಗಳೂರಿನವರೊಬ್ಬರು, "ಓ, ಕ್ರಿಶ್ಚಿಯನ್ನಾ? ಆದ್ರೂ ಯುವರ್ ಕನ್ನಡ ಈಸ್ ವೆರಿ ಗುಡ್!" ಎಂದು ಬೆನ್ನು ತಟ್ಟಿದರು. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಸ್ವಾಮಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ನಮ್ಮ ಮನೆಯಲ್ಲಿ ದೇವರೂ ಕನ್ನಡದಲ್ಲೇ ಬೈಯುವುದು. ಇದನ್ನೆಲ್ಲ ಹೇಳಬೇಕಿತ್ತು, ಹಲ್ಲು ಕಿರಿದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಕೊರಿಯನ್ನರಿಗೆ ಹೊಸ ಒಡಂಬಡಿಕೆ ಪೂರ್ತಿಯಾಗಿ ಸಿಕ್ಕಿದ್ದೇ 1887ರಲ್ಲಿ. ಹಾಗಾಗಿ 56 ವರ್ಷ ಸೀನಿಯರ್ ಎಂಬ ಗತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಗತ್ತು ಹತ್ತು ನಿಮಿಷ ಬಾಳಿತು. ಪಾಸ್ಟರು ಏನೋ ಅಂದರು; ಸಭೆಯೆಲ್ಲ ಕೈಯೆತ್ತಿ "ಜುಯೊ! ಜುಯೊ! ಜುಯೊ!" ಎಂದಿತು. ಅಂದರೆ ಕರ್ತನೇ ಎಂದು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾರ್ಥನೆಯನ್ನು, ಎಲ್ಲರೂ ಒಟ್ಟಿಗೇ, ಗಂಟಲು ಹರಿಯುವಂತೆ! ತೊಂಗ್‌ಸೊಂಗ್ ಗಿದೊ ಅಂತಾರೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳನ್ನೂ ಒಮ್ಮೆಗೇ ಎತ್ತಿದ ಹಾಗಾಯಿತು.

ಪಕ್ಕದ ಅಜ್ಜಿ ಮೊಣಕೈಯಲ್ಲಿ ತಿವಿದಳು. ನೀನೂ ಶುರು ಮಾಡು ಎಂದು.

ಕರ್ತನ ಪ್ರಾರ್ಥನೆ ಅರ್ಧ ನಿಮಿಷಕ್ಕೆ ಮುಗಿಯಿತು. ಮನೆಯವರ ಆರೋಗ್ಯ, ವೀಸಾ, ಮ್ಯಾನೇಜರನಿಗೆ ಒಳ್ಳೆಯ ಬುದ್ಧಿ ಎಲ್ಲ ಸೇರಿ ಇನ್ನೊಂದು ನಿಮಿಷ. ಅವರದು ಇನ್ನೂ ಏರುತ್ತಲೇ ಇದೆ. ಸುಮ್ಮನಾದರೆ ಮೊಣಕೈ. ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ ಮಗ್ಗಿ ಹಿಡಿದೆ. ಹದಿಮೂರರಲ್ಲಿ ಎಂದಿನಂತೆ ಎಡವಿದೆ. ಆಗ ಬಾಯಿಗೆ ಬಂದದ್ದು ಹೊಸಪೇಟೆ ಬಸ್‌ಸ್ಟ್ಯಾಂಡು. "ಗಾದಿಗನೂರು, ತೋರಣಗಲ್ಲು, ಕುಡತಿನಿ, ಬಳ್ಳಾರೀ!" ಆಹಾ, ಲಯ ಸಿಕ್ಕಿತು. "ಸಂಡೂರ್ ಸಂಡೂರ್ ಸಂಡೂರ್!" ಕಣ್ಣು ತಾನಾಗಿ ಮುಚ್ಚಿತು. ಕೈ, ಬಸ್ಸಿನ ಬಾಗಿಲು ಬಡಿಯುವಂತೆ, ಮುಂದಿನ ಬೆಂಚು ಬಡಿಯಿತು. "ಹಂಪಿಯೋರು ಇಳ್ಕೊಳ್ರೀ! ಕಮಲಾಪುರ, ಬುಕ್ಕಸಾಗರ, ರಾಮಸಾಗರ..." ಅಷ್ಟರಲ್ಲಿ ಪಿಯಾನೋ ನಿಂತಿತ್ತು. ಇಡೀ ಸಭೆ ಒಂದೇ ಏಟಿಗೆ ತೆಪ್ಪಗಾಗಿತ್ತು. ಅದು ನನಗೆ ತಿಳಿದದ್ದು, ಆಗಲೇ ಬಾಯಿಂದ ಹೊರಟಿದ್ದ "ಕಂಪ್ಲೀಈಈ" ಚಾವಣಿಗೆ ಬಡಿದು ವಾಪಸು ಬಂದಾಗ.

ಪಾಸ್ಟರು ಕಣ್ಣು ತೆರೆದು ನನ್ನನ್ನು ನೋಡಿದರು. ಮತ್ತೆ ಮುಚ್ಚಿದರು. "ಅಮೆನ್" ಎಂದರು.

"ಅಮೆನ್!" ಎಂದಿತು ಸಭೆ.

ಆರಾಧನೆಯಾದ ಮೇಲೆ ಅಲ್ಲಿ ಎಲ್ಲರಿಗೂ ಊಟ. ಅನ್ನ, ಸೊಪ್ಪು, ಕಿಮ್ಚಿ. ಅಜ್ಜಿ ಎದುರಿಗೇ ಬಂದು ಕೂತು, ಬೈಬಲ್ ಮುಂದಿಟ್ಟು, "ಕಂಪ್ಲಿ?" ಎಂದಳು. ಯಾವ ಅಧ್ಯಾಯವೋ ಎಂಬ ಭಕ್ತಿ ಮುಖದಲ್ಲಿ. ಊರು ಎಂದೆ, ನನಗೆ ಬರುತ್ತಿದ್ದ ಹದಿನೈದು ಪದಗಳಲ್ಲಿ. ಅಲ್ಲಿ ಯಾರಿದ್ದಾರೆ ಎಂದು ಕೈಸನ್ನೆ ಮಾಡಿದಳು. ಕಂಪ್ಲಿ ಅಮ್ಮನ ತವರು. ಅಮ್ಮ ಇದ್ದಳು. ಆ 'ಇದ್ದಳು' ಎನ್ನುವ ಭೂತಕಾಲ ನನ್ನ ಕೊರಿಯನ್ನಿಗೆ ಇನ್ನೂ ಬಂದಿರಲಿಲ್ಲ. "ಒಮ್ಮಾ" ಎಂದೆ. ಅಲ್ಲಿಯೂ ಅಮ್ಮ ಒಮ್ಮಾ, ಅಪ್ಪ ಅಪ್ಪಾನೇ. ಇಂಥವನ್ನೆಲ್ಲ ಪೋಣಿಸಿ ಹೋಮರ್ ಹಲ್ಬರ್ಟ್ ಎಂಬ ಮಿಷನರಿ 1905ರಲ್ಲಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನಂಟು ಹಚ್ಚಿ ವ್ಯಾಕರಣವನ್ನೇ ಬರೆದ, ಪಂಡಿತರು ಒಪ್ಪಲಿಲ್ಲ. ಅಜ್ಜಿ ಒಪ್ಪಿದಳು. ಮಾತಿಲ್ಲದೆ ತನ್ನ ತಟ್ಟೆಯ ಕಿಮ್ಚಿಯನ್ನು ನನ್ನ ತಟ್ಟೆಗೆ ಸುರಿದಳು.

ಮುಂದಿನ ಭಾನುವಾರ ಹೋದರೆ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮೂರವರ ಹಾಗೆ, ಅಜ್ಜಿ ಪಕ್ಕದಲ್ಲಿ ಬ್ಯಾಗಿಟ್ಟು ಜಾಗ ಹಿಡಿದಿದ್ದಳು. ಮೂರನೆಯ ಜುಯೊ ಮುಗಿದದ್ದೇ ಮೊಣಕೈ ಬಂತು. "ಕಂಪ್ಲಿ!" ಎಂದಳು.

ಆ ದಿನ ಹೊಳೆ ದಾಟಿ, ಗಂಗಾವತಿ ಮೇಲೆ ಕಾರಟಗಿವರೆಗೂ ಹೋಗಿಬಂದೆ.