ತಲೆಹೊಟ್ಟಿನ ಸಂಕಥನ: ಬೇ ಏರಿಯಾದ ಕನ್ನಡ ನೆತ್ತಿಗಳ ಒಂದು ಬಹುಶಿಸ್ತೀಯ ಅಧ್ಯಯನ

1. ವ್ಯಾಪ್ತಿ ಮತ್ತು ಮಿತಿ

ವಲಸಿಗನ ನೆತ್ತಿಯು ಜಾಗತೀಕರಣೋತ್ತರ ಅಸ್ಮಿತೆಗಳ ಸಂಘರ್ಷಭೂಮಿಯಾಗಿರುವುದರಿಂದ, ಅಲ್ಲಿಂದುದುರುವ ಹೊಟ್ಟನ್ನು ಬರೀ ಹೊಟ್ಟೆಂದು ಓದುವುದು ಸೈದ್ಧಾಂತಿಕ ಬಡತನವಾದೀತು. ಕಪ್ಪು ಕೋಟಿನ ಭುಜವೇ ಇಲ್ಲಿ ಪಠ್ಯ. ಕೆರೆಯುವ ಬೆರಳೇ ಓದುಗ. ಅಧ್ಯಯನದ ವ್ಯಾಪ್ತಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಸನಿವೇಲ್‌ವರೆಗೆ. ಮಿತಿ: ಕೂದಲಿರುವವರು. (ಇಂಥ ವಾಕ್ಯಗಳನ್ನು ವಿಚಾರಸಂಕಿರಣಗಳಲ್ಲಿ ಊಟ ಆರಿಹೋಗುವವರೆಗೆ ಕೇಳಿಸಿಕೊಂಡವನ ಸೇಡು ಇದೆಂದರೆ ಪ್ರಬಂಧಕಾರನ ಆಕ್ಷೇಪವಿಲ್ಲ.)

2. ಪೂರ್ವಸೂರಿಗಳು

1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೆ ಹೊಟ್ಟಿನೊಳಗೆ ಶಿಲೀಂಧ್ರವನ್ನು ಕಂಡು ವಿವರಿಸಿದ. ಮುಂದೆ ಅವನ ಹೆಸರೇ ಅದಕ್ಕೆ ಅಂಟಿಕೊಂಡಿತು: ಮಲಸೇಜಿಯ. ಇದು ಎಲ್ಲರ ನೆತ್ತಿಯ ಒಕ್ಕಲು. ಚರ್ಮದ ಜಿಡ್ಡನ್ನು ಒಡೆದು ತನಗೆ ಬೇಕಾದ್ದನ್ನು ತಿಂದು, ಓಲಿಯಿಕ್ ಆಮ್ಲವನ್ನು ಬಿಟ್ಟುಹೋಗುತ್ತದೆ. ಕೆಲವರ ನೆತ್ತಿಗೆ ಆ ಆಮ್ಲ ಆಗಿಬರುವುದಿಲ್ಲ. ಆಗ ನವೆ, ಆಮೇಲೆ ಹೊಟ್ಟು. ಪ್ರಯೋಗಾಲಯದಲ್ಲಿ ಈ ಶಿಲೀಂಧ್ರವನ್ನು ಬೆಳೆಸಬೇಕೆಂದರೆ ಆಲಿವ್ ಎಣ್ಣೆ ಹಾಕುತ್ತಾರೆ. ಸನಿವೇಲ್‌ನಲ್ಲಿ, ಆರು ತಿಂಗಳ ಮಟ್ಟಿಗೆ ಬಂದಿಳಿದ ಅಮ್ಮಂದಿರು ಕೊಬ್ಬರಿ ಎಣ್ಣೆ ಹಾಕುತ್ತಾರೆ.

3. ಪಂಚವಿಧ ವರ್ಗೀಕರಣ

(ಅ) ಜಲದೂಷಕರು: ಎಲ್ಲಕ್ಕೂ ಇಲ್ಲಿನ ನೀರೇ ಕಾರಣವೆನ್ನುವವರು. ಸ್ಯಾನ್ ಹೊಸೆಯ ಅಂತರ್ಜಲ ಗಡಸು, ಒಪ್ಪೋಣ. ಆದರೆ ಹೆಚ್ ಹೆಚಿ ಕಣಿವೆಯ ಮೆದು ನೀರು 1934ರಿಂದ ಹರಿದುಬರುತ್ತಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಜನ ತಲೆ ಕೆರೆದುಕೊಳ್ಳುತ್ತಾರಲ್ಲ? ಈ ಪ್ರತಿವಾದವನ್ನು ಒಂದು ಪಾಟ್‌ಲಕ್‌ನಲ್ಲಿ ಮಂಡಿಸಿದೆ. ಬಿಸಿಬೇಳೆಬಾತು ನನ್ನ ತನಕ ಬರಲಿಲ್ಲ.

(ಆ) ಸೀಗೆ ಪುನರುತ್ಥಾನವಾದಿಗಳು: ಸೀಗೆಕಾಯಿ, ಅಂಟುವಾಳ, ದಾಸವಾಳದ ಸೊಪ್ಪು, ಕೊನೆಗೆ ಪ್ಲಂಬರ್.

(ಇ) ನೆತ್ತಿಯ ಸೂಕ್ಷ್ಮಜೀವಿಗಳ 'ಸಮತೋಲನ'ಕ್ಕೆ ಚಂದಾ ವಸೂಲು ಮಾಡುವ ನವೋದ್ಯಮಿಗಳು.

ಇನ್ನೆರಡು ಬಗೆ ಇದ್ದವು. ಬೇಡ, ಸಾಕು.

4. ಫೇನಧಾರಣಕಾಲಮೀಮಾಂಸೆ

ಔಷಧದ ಷಾಂಪೂವಿನ ನೊರೆಯನ್ನು ತಲೆಯ ಮೇಲೆ ಐದು ನಿಮಿಷ ಬಿಡಬೇಕು. ಮೀಮಾಂಸೆ ಇಷ್ಟೇ. ಕೀಟೋಕೊನಜೋಲ್ ಆಗಲಿ ಸೆಲೆನಿಯಂ ಸಲ್ಫೈಡ್ ಆಗಲಿ, ಔಷಧ ಇರುವುದು ಚರ್ಮಕ್ಕೆ, ಕೂದಲಿಗಲ್ಲ. ಹಚ್ಚಿದ ಕೂಡಲೇ ತೊಳೆದರೆ ಗುಣವಾಗುವುದು ಚರಂಡಿಗೆ. ವಾರಕ್ಕೆರಡು ಸಲ, ಸುಮಾರು ನಾಲ್ಕು ವಾರ. ಆಮೇಲೆ ಆಗಾಗ, ಏಕೆಂದರೆ ಇದು ಹತೋಟಿಗೆ ಬರುತ್ತದೆಯೇ ಹೊರತು ಬಿಟ್ಟುಹೋಗುವುದಿಲ್ಲ. ಗಾಂಧಿಬಜಾರಿನ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಕೈಗೆ ಬರುವ ಶೇ. 2ರ ಕೀಟೋಕೊನಜೋಲ್ ಷಾಂಪೂವಿಗೆ ಇಲ್ಲಿ ವೈದ್ಯರ ಚೀಟಿ ಬೇಕು. ಚೀಟಿ ಇಲ್ಲದೆ ಸಿಗುವುದು ಶೇ. 1ರದ್ದು.

ಚೀಟಿಗಾಗಿ ತಿಂಗಳುಗಟ್ಟಲೆ ಕಾದು ಹೋದರೆ ಚರ್ಮವೈದ್ಯರು ಕೆಂಪು ಹುಡುಕಿದರು. ಎಲ್ಲಿಂದ ತರಲಿ ಕೆಂಪು? ಕಂದು ಚರ್ಮದಲ್ಲಿ ಹೊಟ್ಟಿನ ಈ ಉರಿಯೂತ ಎಷ್ಟೋ ಸಲ ಮಸುಕು ಬಿಳಿ ಕಲೆಯಾಗಿ ಕಾಣುತ್ತದೆ. ಅವರು ಓದಿದ ಪುಸ್ತಕಗಳ ಚಿತ್ರಗಳಲ್ಲಿದ್ದದ್ದು ಬಿಳಿಯರ ಮುಖ. ನೆತ್ತಿಯಿಂದ ನನ್ನ ಹುಬ್ಬಿನ ಪಕ್ಕಕ್ಕೂ ಇಳಿದಿದ್ದ ಕಲೆಯನ್ನು ಅವರು ಬರೆದುಕೊಳ್ಳಲೇ ಇಲ್ಲ.

ಅಮ್ಮ ಮಾತ್ರ ವಿಡಿಯೊ ಕರೆಯಲ್ಲಿ ಒಂದೇ ನೋಟಕ್ಕೆ ಹಿಡಿದಳು. "ಅದೇನೋ ಬೆಳ್ಳಗೆ?" ಎಂದವಳು ಸುಮ್ಮನಾದಳು. ತೊನ್ನು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ತಂಗಿಯ ಜಾತಕ ಹೊರಗೆ ಹೋಗಿತ್ತು. ಮುಂದಿನ ವಾರ ಹುಡುಗನ ಮನೆಯವರು ಬಂದಾಗ ನನ್ನನ್ನು ಫೋನಿನಲ್ಲಿ ತೋರಿಸಲಿಲ್ಲ. ಅಣ್ಣನಿಗೆ ಮೀಟಿಂಗ್ ಎಂದರಂತೆ. ತೊನ್ನೇ ಆಗಿದ್ದರೆ ಏನೀಗ? ಅದು ಅಂಟುವ ಕಾಯಿಲೆಯಲ್ಲ, ಪಾಪದ ಫಲವೂ ಅಲ್ಲ. ಅದಿರುವವರನ್ನು ಮದುವೆಮನೆಯ ಹಿಂದಿನ ಸಾಲಿಗೆ ಕೂರಿಸುವ ನಮಗೆ ಅಸ್ಮಿತೆಯ ಮಾತು ಬೇರೆ ಕೇಡು!

ಕೆಲವು ತಿಂಗಳಲ್ಲಿ ಬಣ್ಣ ಮರಳಿತು. ಆ ಮನೆಯವರಿಗೆ ಈ ಪ್ರಬಂಧದ ಒಂದು ಪ್ರತಿಯನ್ನು ಕಳಿಸೋಣವೆಂದಿದ್ದೆ. ತಂಗಿ ಬೇಡವೆಂದಳು: ಅಣ್ಣನ ಷಾಂಪೂ ಲೆಕ್ಕ ನೋಡಿ ಒಪ್ಪುವ ಗಂಡು ಅವಳಿಗೇ ಬೇಡವಂತೆ.